ಊರಿಗೆಲ್ಲ ಒಂದೇ ವಿಳಾಸ

ನಮ್ಮೂರು ಕೊಚ್ಕೋರಿನ ಮಕ್ಸುತ್ ನನ್ನ ಬಳಿ ಭೌತಶಾಸ್ತ್ರ ಕಲಿತವನು. ಬುದ್ಧಿ ಚುರುಕು, ತಾಳ್ಮೆ ಕಡಿಮೆ. ಓದನ್ನು ಅರ್ಧಕ್ಕೆ ಬಿಟ್ಟು ಮದುವೆಗಳ ವಿಡಿಯೊ ತೆಗೆಯತೊಡಗಿದ. ಊರಿನ ಬಹುಪಾಲು ಹರೆಯದವರು ಮಾಸ್ಕೋದಲ್ಲಿ ಬಟ್ಟೆ ಹೊಲಿಯುತ್ತ, ಬೀದಿ ಗುಡಿಸುತ್ತ ಇದ್ದರು. ಮದುವೆ ಮುಗಿದ ಮೇಲೆ ನೋಡುವುದು ಅವರಿಗೆ ಸಾಲದು, ನಡೆಯುತ್ತಿರುವಾಗಲೇ ನೋಡಬೇಕು.

ಅದಕ್ಕಾಗಿ ಅವನು ಮನೆಯ ಹಿಂಬದಿಯ ಕೋಣೆಯಲ್ಲಿ ಒಂದು ಹಳೆಯ ಕಂಪ್ಯೂಟರನ್ನು ಸರ್ವರ್ ಮಾಡಿ ಕೂರಿಸಿದ. ಕ್ಯಾಮೆರಾ ಕಳಿಸಿದ ಚಿತ್ರವನ್ನೂ ದನಿಯನ್ನೂ ಅದು ನೋಡುವವರಿಗೆಲ್ಲ ಹಂಚುತ್ತಿತ್ತು. ಮೊದಮೊದಲು ಚಿತ್ರ ಬಂದರೆ ದನಿ ಇಲ್ಲ. ದನಿ ಬಂದರೆ ತುಟಿಗಿಂತ ಹಿಂದೆ. ಅದನ್ನೆಲ್ಲ ತಾನೇ ಸರಿಪಡಿಸಿದ. ಒಂದೊಂದು ಸಮಾರಂಭಕ್ಕೆ ಒಂದೊಂದು ಇಂಟರ್ನೆಟ್ ವಿಳಾಸ ಕೊಡು, ಬೇಕಾದವರಷ್ಟೇ ನೋಡಲಿ ಎಂದು ನಾನು ಹೇಳಿದ್ದೆ. ನನ್ನನ್ನು ಅವನು ಎಜೆ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದ.

"ಅಯ್ಯೋ ಎಜೆ, ಆ ಮಾಸ್ಕೋ ಹೆಂಗಸರಿಗೆ ಒಂದು ವಿಳಾಸ ಕಲಿಸೋದ್ರಲ್ಲೇ ನನ್ನ ಗಡ್ಡ ಬೆಳ್ಳಗಾಯ್ತು. ಊರಿಗೆಲ್ಲ ಒಂದೇ ಇರ್ಲಿ ಬಿಡಿ. ಚಿತ್ರ ಶುರುವಾದ್ರೆ ಅವರ ಫೋನೇ ಕೂಗುತ್ತೆ."

"ಯಾವ ಗಡ್ಡವೋ? ಇರೋದು ನಾಲ್ಕು ಕೂದಲು," ಎಂದೆ. ನಕ್ಕ. ವಿಳಾಸ ಒಂದೇ ಉಳಿಯಿತು.

ಆ ವಸಂತದಲ್ಲಿ ನಮ್ಮೂರ ಬುರುಲ್ ತೀರಿಕೊಂಡಳು. ಅವಳ ಒಬ್ಬಳೇ ಮಗಳು ಜಿಪಾರ್ ಮಾಸ್ಕೋದಲ್ಲಿ ಹೊಲಿಗೆ ಕೆಲಸದಲ್ಲಿದ್ದಳು. ನಮ್ಮಲ್ಲಿ ದೂರದವರಿಗೆ ಸಾವಿನ ಸುದ್ದಿಯನ್ನು ಥಟ್ಟನೆ ಹೇಳುವುದಿಲ್ಲ. ಹಿರಿಯರು ಮನೆಗೆ ಹೋಗಿ, ಚಹಾ ಕುಡಿದು, ಸುತ್ತಿ ಬಳಸಿ ಮಾತಾಡಿ, ಹಿಡಿದುಕೊಳ್ಳಲು ಎರಡೂ ಪಕ್ಕದಲ್ಲಿ ಹೆಂಗಸರು ಕೂತ ಮೇಲೆ ಹೇಳುತ್ತಾರೆ. ಮಾಸ್ಕೋದಲ್ಲಿ ಮಗನ ಮನೆಯಲ್ಲಿದ್ದ ನಮ್ಮೂರ ಮುದುಕ ಸಗಿನ್ ಆ ಕೆಲಸ ಒಪ್ಪಿಕೊಂಡ.

"ಸಂಜೆ ಸಗಿನ್ ತಾತ ಅವಳ ಕೋಣೆಗೆ ಹೋಗಿ ಹೇಳೋ ತನಕ ಯಾರೂ ಬಾಯಿ ಬಿಡ್ಬಾರ್ದು," ಎಂದ ಬುರುಲಳ ತಮ್ಮ. "ಮಕ್ಸುತ್, ನಿನ್ನ ಡಬ್ಬಾನೂ ಬಾಯಿ ಮುಚ್ಕೊಂಡಿರ್ಲಿ. ಆಮೇಲೆ ಬೇಕಾದ್ರೆ ತೋರ್ಸು."

"ನಾನೇನು ಎಳೆ ಮಗೂನಾ ಮಾವ?"

ಅಂಗಳದಲ್ಲಿ ಹೆಣವಿಟ್ಟ ಗುಡಾರ ಎದ್ದಿತ್ತು. ಒಳಗೆ ಹೆಂಗಸರು ಕಂಬಳಿ ಗೋಡೆಯ ಕಡೆ ಮುಖ ಮಾಡಿ ಹಾಡಿ ಅಳುತ್ತಿದ್ದರು. ಹೊರಗೆ ಗಂಡಸರು ಕೋಲಿಗೆ ಒರಗಿ ಗೋಳಿಡುತ್ತಿದ್ದರು. ಗಾಳಿಯಲ್ಲಿ ದನಿ ಸರಿಯಾಗಿ ಬಂದೀತೇ ಎಂದು ಮಕ್ಸುತ್ ಒಮ್ಮೆ ಪರೀಕ್ಷಿಸಲು ಹೊರಟ. ಪರೀಕ್ಷೆಗೂ ಇದ್ದದ್ದು ಅದೇ ವಿಳಾಸ. ನೋಡುತ್ತಿರುವವರು ಒಬ್ಬರು ಎಂದು ಪರದೆ ತೋರಿಸಿತು. ಅದು ಜೇಬಿನಲ್ಲಿರುವ ತನ್ನ ಫೋನೇ ಎಂದುಕೊಂಡು ದನಿ ಏರಿಸಿದ, ಇಳಿಸಿದ, ನಿಧಾನವಾಗಿ ಹದ ಮಾಡಿ ನಿಲ್ಲಿಸಿದ. ಆಮೇಲೆ ಜೇಬಿನಿಂದ ಫೋನು ತೆಗೆದರೆ, ಅದು ಚಾರ್ಜಿಲ್ಲದೆ ಸತ್ತಿತ್ತು.

ಮಾರನೆಯ ದಿನ ಜಿಪಾರ್ ಬಂದಳು. ಮಣ್ಣು ಮಾಡಿ ಮುಗಿದ ಮೇಲೆ ಅಂಗಳದಲ್ಲಿ ಚಹಾ ಕಾಯುತ್ತಿದ್ದ ಸಮೋವರಿನ ಹತ್ತಿರ ಮಕ್ಸುತ್ ಅವಳ ಮುಂದೆ ನಿಂತ. ಬಾಯಿ ತೆರೆಯುವ ಮೊದಲೇ ಅವಳೆಂದಳು:

"ಫೋನು ಕೂಗ್ತು. ಯಾರದೋ ಮದುವೆ ಅಂದ್ಕೊಂಡೆ. ನಮ್ಮನೆ ಅಂಗಳ, ಗುಡಾರ. ಚಿಕ್ಕಮ್ಮ ನನ್ನ ಹೆಸರು ಹಿಡಿದು ಅಳ್ತಿದ್ಲು."

"ಜಿಪಾರ್, ನಾನು..."

"ಸಂಜೆ ತನಕ ಮೆಷಿನ್ ತುಳೀತಾನೇ ಇದ್ದೆ. ಕಾಲು ನಿಲ್ಲಿಸಿದ್ರೆ ಕಿರುಚಿಬಿಡ್ತಿದ್ದೆ. ತಾತ ಬಂದ್ರು. ನಾನೇ ಚಹಾ ಮಾಡ್ಕೊಟ್ಟು, ಗೊತ್ತಿಲ್ದವಳ ಹಾಗೆ ಕೂತು ಕೇಳ್ದೆ. ಅಷ್ಟು ಚೆನ್ನಾಗಿ ಹೇಳಿದ್ರು ಪಾಪ. ಅವರಿಗೆ ಮಾತ್ರ ಹೇಳ್ಬೇಡ."

ಸಗಿನ್ ಊರಿಗೆ ಮರಳಿದ ಮೇಲೆ ಸೇರಿದಲ್ಲೆಲ್ಲ ಅದೇ ಮಾತು. "ಸಾವು ಹೇಳೋದೂ ಒಂದು ಕಲೆ ಕಣ್ರಪ್ಪಾ! ಕಡೇ ಮಾತು ಬರೋ ತನಕ ಆ ಹುಡುಗಿ ಕಣ್ಣಲ್ಲಿ ಹನಿ ಇಲ್ಲ. ಏ ಮಕ್ಸುತ್, ನಿನ್ನ ಯಂತ್ರಕ್ಕೆ ಬರುತ್ತೇನೋ ಇದು?"

"ಬರಲ್ಲ ತಾತ."

ಎಲ್ಲರೂ ನಗುತ್ತಿದ್ದರು. ಮಕ್ಸುತ್ ಕ್ಯಾಮೆರಾದ ತಂತಿ ಸುತ್ತುತ್ತ ಕೂರುತ್ತಿದ್ದ. ಅಷ್ಟರಲ್ಲಿ ಒಂದೊಂದು ಸಮಾರಂಭಕ್ಕೆ ಒಂದೊಂದು ವಿಳಾಸ ಮಾಡಿದ್ದ. ಹೆಂಗಸರು ಗೊಣಗುತ್ತಲೇ ಕಲಿತಿದ್ದರು.

ಹೋದ ಚಳಿಗಾಲದಲ್ಲಿ ಸಗಿನ್ ಸತ್ತ. ಮಾಸ್ಕೋದಲ್ಲಿ ಜಿಪಾರ್ ಮತ್ತು ಊರಿನ ಉಳಿದವರು ನೋಡಲು ಕಾದಿದ್ದರು. "ಎಲ್ಲರಿಗೂ ಹೇಳಿ ಆಗಿದೆ, ಶುರು ಮಾಡೋ," ಎಂದ ಮಾಸ್ಕೋದಿಂದ ಬಂದಿದ್ದ ಸಗಿನ್‌ನ ಮಗ. ಮಕ್ಸುತ್ ಒಬ್ಬೊಬ್ಬರ ಹೆಸರು ಹಿಡಿದು ಕೇಳಿದ. ಇವರಿಗೆ ಹೇಳಿದ್ದು ಯಾರು? ಅವರ ಪಕ್ಕದಲ್ಲಿ ಯಾರಿದ್ದರು? ಮತ್ತೆ ಮೊದಲಿಂದ ಕೇಳಿದ. ಮಗ ರೇಗಿ ಒಳಗೆ ಹೋದ. ಮಕ್ಸುತ್ ಗುಂಡಿ ಒತ್ತುವ ಹೊತ್ತಿಗೆ ಹೆಣ ಅಂಗಳ ದಾಟಿತ್ತು, ಹಾಡಿ ಅಳುವುದು ಮುಗಿದಿತ್ತು. ಮಾಸ್ಕೋದವರಿಗೆ ಕಂಡದ್ದು ಖಾಲಿ ಗುಡಾರ.

ಯಾಕೆ ಹೀಗೆ ಮಾಡಿದೆ ಎಂದು ನಾನು ಗದರಿದಾಗ ಜಿಪಾರಳ ಈ ಸಂಗತಿಯನ್ನೆಲ್ಲ ಮೊದಲ ಸಲ ಹೇಳಿದ. ತಾತ ಹೋದ ಮೇಲೆ ಈಗ ಯಾರಿಗಾದರೂ ಹೇಳಬಹುದಲ್ಲವೇ ಎಂದು ಕೇಳಿದ.