ಫ್ರೇಮಿನಡಿ ಉಳಿದಿದ್ದ ತಟ್ಟೆ

ರಾಯಚೂರಿನ ನನ್ನ ಫ್ರೇಮ್ ಅಂಗಡಿಗೆ ದೇವರ ಪಟಗಳು, ಮದುವೆಯ ಫೋಟೊಗಳು, ತೀರಿಹೋದವರ ಫೋಟೊಗಳು ಬರುತ್ತವೆ. ಹಳೆಯ ತೈಲಚಿತ್ರವೊಂದು ಬಂದದ್ದು ಒಂದೇ ಸಲ. ಮೂರು ವರ್ಷದ ಹಿಂದೆ ದೇವದುರ್ಗದ ನಿವೃತ್ತ ನರ್ಸ್ ಒಬ್ಬರು ಅದನ್ನು ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ಫ್ರೇಮಿಗೆ ಗೆದ್ದಲು ಹಿಡಿದಿತ್ತು.

ಚಿತ್ರದಲ್ಲಿ ಕೆಂಪು ಹೊದಿಕೆಯ ತರುಣಿ, ತಲೆಯ ಸುತ್ತ ತೆಳುವಾದ ಬಂಗಾರದ ಗೆರೆ. ಒಂದು ಕೈಯಲ್ಲಿ ಈಚಲ ಗರಿಯಂಥದ್ದೇನೋ ಇತ್ತು. ಇನ್ನೊಂದು ಕೈ ಫ್ರೇಮಿನ ಅಡಿಗೆ ಇಳಿದಿತ್ತು. ಅಲ್ಲಿ ತಟ್ಟೆಯ ಅಂಚು, ಅದರಲ್ಲಿ ದುಂಡನೆಯ ಎರಡು ವಸ್ತುಗಳ ತುದಿ ಮಾತ್ರ ಕಾಣುತ್ತಿತ್ತು.

"ಹಣ್ಣು ಇರಬೇಕು ತಂಗಿ. ನಮ್ಮ ಮನ್ಯಾಗ ಆಕಿಗೆ ಹಣ್ಣಿನವ್ವ ಅಂತೀವಿ" ಎಂದರು.

ಅವರು ಕೂಲಿಯವರ ಮನೆಯಿಂದ ಓದಿ ಬಂದವರು. ಮೊದಲ ನೌಕರಿ ಮಾನ್ವಿಯ ಸಣ್ಣ ಆಸ್ಪತ್ರೆಯೊಂದರಲ್ಲಿ. ಅಲ್ಲಿದ್ದ ಫ್ರಾನ್ಸಿನ ಮುದುಕಿ ಸನ್ಯಾಸಿನಿಯೊಬ್ಬರು ತಮ್ಮ ದೇಶಕ್ಕೆ ಮರಳುವ ಮುಂಚೆ ಇದನ್ನು ಪೆಟ್ಟಿಗೆಯಲ್ಲಿಟ್ಟು ಇವರ ಮನೆಗೆ ಕಳಿಸಿದ್ದರು. ಯಾರಿದು, ನನಗೇ ಯಾಕೆ ಎಂದು ಕೇಳಲು ಆಗ ಸಂಕೋಚವಾಗಿತ್ತಂತೆ.

ನನ್ನ ಕಣ್ಣು ಫ್ರೇಮಿನ ಮೇಲೆಯೇ ಇತ್ತು. ಮೂರು ಕಡೆ ಎರಡು ಬೆರಳಗಲ, ಕೆಳಗಿನ ಪಟ್ಟಿ ಮಾತ್ರ ಒಂದು ಗೇಣು. ಬಡಿಗ ಅಳತೆ ತಪ್ಪಿರಬೇಕು ಎಂದುಕೊಂಡು ಹಿಂದಿನ ಮೊಳೆಗಳನ್ನು ಒಂದೊಂದಾಗಿ ಕಿತ್ತೆ. ಪಟ್ಟಿ ಬಿಟ್ಟುಕೊಂಡಿತು. ತಟ್ಟೆಯಲ್ಲಿದ್ದದ್ದು ಹಣ್ಣಲ್ಲ. ಎರಡು ಕಣ್ಣುಗಳು, ರೆಪ್ಪೆಯಿಲ್ಲದ ಬರಿಯ ಗುಡ್ಡೆಗಳು, ನಮ್ಮನ್ನೇ ನೋಡುತ್ತಿದ್ದವು.

ಅವರು ಬಗ್ಗಿ ತಟ್ಟೆಯನ್ನು ಹತ್ತಿರದಿಂದ ನೋಡಿದರು. ಮೊಬೈಲಿನಲ್ಲಿ ಹುಡುಕೋಣವೇ ಎಂದು ಕೇಳಿದೆ. ಬೇಡ, ಮಾನ್ವಿಗೆ ಹೋಗಿ ತಿಳಿದವರನ್ನೇ ಕೇಳೋಣ ಎಂದರು. ನನಗೂ ಕುತೂಹಲ ತಡೆಯಲಾಗಲಿಲ್ಲ. ಮುಂದಿನ ವಾರ ಅಂಗಡಿಗೆ ಬೀಗ ಹಾಕಿ, ಚಿತ್ರದ ಹಿಂದು ಮುಂದಿನ ಫೋಟೊ ತೆಗೆದುಕೊಂಡು ಅವರ ಜೊತೆ ಹೊರಟೆ.

ಅಲ್ಲಿನ ಚರ್ಚಿನ ವಯಸ್ಸಾದ ಪಾದ್ರಿ ನೋಡಿದೊಡನೆ ಗುರುತಿಸಿದರು. ಈಕೆ ನಮ್ಮ ಸಂತರಲ್ಲೊಬ್ಬಳು, ತನ್ನ ನಂಬಿಕೆಗಾಗಿ ಪ್ರಾಣ ಕೊಟ್ಟವಳು, ಹಿಂಸಿಸುವಾಗ ಆಕೆಯ ಕಣ್ಣು ಕಿತ್ತರು ಎಂದು ಕಥೆ ಇದೆ, ಕಣ್ಣಿನ ತೊಂದರೆ ಇರುವವರು ಈಕೆಗೆ ಪ್ರಾರ್ಥಿಸುತ್ತಾರೆ ಎಂದರು.

"ಕಣ್ಣು ತಟ್ಟ್ಯಾಗ ಅದಾವ, ಮತ್ತ ಮಾರಿ ಮ್ಯಾಲೂ ಅದಾವಲ್ರಿ?" ಎಂದು ನರ್ಸಮ್ಮ ಕೇಳಿದರು.

ದೇವರು ಹೊಸ ಕಣ್ಣು ಕೊಟ್ಟನೆಂದು ಕಥೆಯಲ್ಲಿದೆ ಎಂದು ಪಾದ್ರಿ ನಕ್ಕರು. ಚಿತ್ರದ ಹಿಂದೆ ಮಾಸಿದ ಶಾಯಿಯಲ್ಲಿ ಫ್ರೆಂಚ್ ಬರಹವಿತ್ತು. ಅದರಲ್ಲಿ ಅವರಿಗೆ ಓದಲು ಸಿಕ್ಕಿದ್ದು 'ಅಮ್ಮನಿಗೆ' ಎಂಬುದೊಂದೇ. ಯಾರ ಅಮ್ಮ, ಕೊಟ್ಟವರು ಯಾರು, ಇವತ್ತಿಗೂ ನನಗೆ ಗೊತ್ತಿಲ್ಲ.

ಹೊರಗೆ ಬಂದು ನರ್ಸಮ್ಮ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಕಣ್ಣಿನ ಶಿಬಿರಗಳಲ್ಲಿ ಆಪರೇಷನ್ ಆದವರ ಪಟ್ಟಿ ಬಿಚ್ಚುವ ಕೆಲಸವನ್ನು ಸನ್ಯಾಸಿನಿ ಇವರಿಗಲ್ಲದೆ ಬೇರೆ ಯಾರಿಗೂ ಕೊಡುತ್ತಿರಲಿಲ್ಲವಂತೆ. ಎಲ್ಲರಿಗಿಂತ ನಿನ್ನ ಕೈ ಹಗುರ ಎನ್ನುತ್ತಿದ್ದರಂತೆ.

"ನಂಗ್ಯಾಕ ಕೊಟ್ರು ಅಂತ ಈಗ ತಿಳೀತು ನೋಡು" ಎಂದರು.

ಹಾಗಾದರೆ ತಟ್ಟೆಯ ಕಣ್ಣುಗಳನ್ನು ಪಟ್ಟಿಯಿಂದ ಮುಚ್ಚಿಸಿದ್ದು ಯಾರು? ಅಲ್ಲಿಂದಲೇ ಮಗಳಿಗೆ ಫೋನ್ ಮಾಡಿದರು. ಚಿತ್ರ ಮನೆಗೆ ಬಂದ ದಿನ ಇವರು ಡ್ಯೂಟಿಯಲ್ಲಿದ್ದರಂತೆ. ಕಟ್ಟಿಗೆ ಪೆಟ್ಟಿಗೆ ಬಿಚ್ಚಿದಾಗ ನಾಲ್ಕು ವರ್ಷದ ಮಗಳು ಹೆದರಿ ಜೋರಾಗಿ ಅತ್ತಿದ್ದಳು. ಅಪ್ಪ ಅಂದೇ ಬಡಿಗನ ಹತ್ತಿರ ಒಯ್ದು ಅಗಲ ಪಟ್ಟಿ ಹಾಕಿಸಿ, ಅವ್ವನಿಗೆ ಹೇಳಬೇಡ ಎಂದಿದ್ದನಂತೆ. ಹೆಂಡತಿಗೆ ಸಿಕ್ಕ ಕಾಣಿಕೆಯನ್ನು ಮನೆಯವರೇ ಹೆದರಿ ಮುಚ್ಚಿದರು ಎಂದು ಆಕೆಗೆ ಗೊತ್ತಾಗುವುದು ಆತನಿಗೆ ಬೇಕಿರಲಿಲ್ಲ. ಆತ ತೀರಿಕೊಂಡು ಆರು ವರ್ಷವಾಗಿತ್ತು. ನರ್ಸಮ್ಮ ಫೋನ್ ಇಟ್ಟು ನಕ್ಕರು, ನಗುತ್ತಲೇ ಸೆರಗಿನಿಂದ ಮುಖ ಒರೆಸಿಕೊಂಡರು.

ಈಗ ಏನು ಮಾಡಲಿ ಎಂದು ಕೇಳಿದೆ. ಪೂರ್ತಿ ಕಾಣಲಿ ಎಂದರು. ತೆಳುವಾದ ತೇಗದ ಫ್ರೇಮ್ ಹಾಕಿ, ನಾನೇ ದೇವದುರ್ಗಕ್ಕೆ ಒಯ್ದು ನಡುಮನೆಯಲ್ಲಿ ಬುದ್ಧನ ಪಟದ ಪಕ್ಕ ತೂಗುಹಾಕಿದೆ. ಮೊಳೆ ಹೊಡೆಯುವ ಸದ್ದಿಗೆ ಪಕ್ಕದ ಮನೆಯಾಕೆ ಬಂದಳು. ತಟ್ಟೆ ನೋಡಿ ಬಾಗಿಲಲ್ಲೇ ನಿಂತಳು. ನರ್ಸಮ್ಮ ಆಕೆಯನ್ನು ಒಳಗೆ ಕರೆದು, ಚಹಾಕ್ಕೆ ನೀರಿಟ್ಟು, ಮೊದಲಿನಿಂದ ಹೇಳತೊಡಗಿದರು.