ಕಾಗದದಲ್ಲಿ ಕತ್ತರಿಸಿದ ಕಲ್ಲು

...ಅಥವಾ ಅದು ಹಳೆಯ ದಿನಪತ್ರಿಕೆಯೇ ಆಗಿರಲಿಲ್ಲವೇನೋ. ಸಿಸ್ಟರ್ ನನ್ನ ಅಂಗಡಿಗೆ ಬಂದ ಮೊದಲ ದಿನವೇ, ನಗುನಗುತ್ತಾ, ಮೇಜಿನ ಮೇಲಿದ್ದ ಪೇಪರ್ ಎಳೆದುಕೊಂಡು ಒಂದು ಕಲ್ಲಿನ ಆಕಾರ ಕತ್ತರಿಸಿ ತೋರಿಸಿದರು ಎಂದು ಇಷ್ಟು ವರ್ಷ ನಂಬಿದ್ದೆ. ನಾಲ್ಕು ಜನರೆದುರು ಹಾಗೆಯೇ ಹೇಳಿಯೂ ಇದ್ದೆ. ಕಳೆದ ವಾರ ಬಸವೇಶ್ವರನಗರದ ನನ್ನ ಡಿಟಿಪಿ ಅಂಗಡಿ ಖಾಲಿ ಮಾಡುವಾಗ ನಿಘಂಟಿನೊಳಗಿಂದ ಆ ಕಾಗದ ಜಾರಿ ಬಿತ್ತು. ಹನ್ನೆರಡು ಮೂಲೆ. ದಿನಪತ್ರಿಕೆಯಲ್ಲ. ನಾನೇ ತೆಗೆದ ಪ್ರಿಂಟು, ಅದರ ಮೇಲೆ ಕೆಂಪು ಗೀಟುಗಳು.

ಸಿಸ್ಟರ್ ಕನಕಪುರದ ಕಡೆಯ ಹಳ್ಳಿಯವರು. ಕೆಂಗೇರಿ ಉಪನಗರದಾಚೆಯ ಒಂದು ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸನ್ಯಾಸಿನಿ. ಅದಕ್ಕೂ ಮೊದಲು ಹನ್ನೊಂದು ವರ್ಷ ಪೆರು ದೇಶದ ಕುಸ್ಕೊ ಎಂಬ ಊರಿನಲ್ಲಿದ್ದು ಅದೇ ಹೊಲಿಗೆ ಕಲಿಸಿ ಬಂದಿದ್ದರು. ಇಲ್ಲಿನ ಕಾನ್ವೆಂಟಿಗೆ ಐವತ್ತು ತುಂಬಿದಾಗ ಸ್ಮರಣ ಸಂಚಿಕೆಯ ಕೆಲಸ ನನಗೆ ಬಂತು. ಅದರಲ್ಲಿ ಅವರ ಪಾಲಿಗೆ ಎರಡು ಪುಟ. ಉದ್ದನೆಯ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದು ತಂದಿದ್ದರು. ವಾಕ್ಯಗಳು ಅಡ್ಡಾದಿಡ್ಡಿ. ಆಗ ನಾನು ಕಥೆ ಬರೆಯಲು ಶುರುಮಾಡಿದ್ದೆ. ಯಾರ ವಾಕ್ಯ ಕಂಡರೂ ತಿದ್ದುವ ಚಟವಿತ್ತು.

ಪಕ್ಕದ ಪ್ಲಾಸ್ಟಿಕ್ ಸ್ಟೂಲಿನಲ್ಲಿ ಕೂತು, ನಾನು ಟೈಪ್ ಮಾಡುತ್ತಿದ್ದಂತೆ ಬರೆಯದೇ ಬಿಟ್ಟದ್ದನ್ನೂ ಹೇಳುತ್ತಿದ್ದರು. "ಅಲ್ಲಿ ಕುಸ್ಕೊದಲ್ಲಿ ನಮ್ಮ ಕಾನ್ವೆಂಟಿನ ಬುಡದಲ್ಲಿ ಆಳೆತ್ತರಕ್ಕೆ ಕಪ್ಪು ಕಲ್ಲು ಕಣಪ್ಪ. ಅದ್ರ ಮೇಲೆ ನಮ್ಮೋರು ಕಟ್ಟಿ ಸುಣ್ಣ ಬಳ್ದಿರೋ ಗೋಡೆ. ಕೆಳಗಿನ ಕಲ್ಲಿಗೆ ಗಾರೆನೇ ಇಲ್ಲ. ಒಂದೊಂದು ಕಲ್ಲೂ ಪಕ್ಕದ ಕಲ್ಲಿನ ಅಳತೆಗೇ ಕಟ್ ಮಾಡಿರೋದು, ರವಿಕೆಗೆ ಮಾಡ್ದಂಗೆ. ನಾನು ಸೂಜಿ ಹಾಕಿ ನೋಡಿದೀನಿ, ತೂರಲ್ಲ."

ಇಂಕಾ ದೊರೆಗಳ ಕಾಲದಲ್ಲಿ, ಸೂರ್ಯದೇವನ ಸೇವೆಗೆಂದು ಆರಿಸಿ ತಂದ ಹೆಣ್ಣುಮಕ್ಕಳನ್ನು ಆ ಗೋಡೆಗಳ ಒಳಗಿಟ್ಟು ಬಟ್ಟೆ ನೇಯಿಸುತ್ತಿದ್ದರಂತೆ. ಸ್ಪೇನಿನವರು ಬಂದು ಮೇಲಿನದನ್ನು ಕೆಡವಿ, ಉಳಿದ ಗೋಡೆಯ ಮೇಲೆ ಕಾನ್ವೆಂಟ್ ಎಬ್ಬಿಸಿದರು. ಅದೇ ಊರಿನ ಸೂರ್ಯನ ಗುಡಿಯ ಮೇಲೆ ಚರ್ಚು ಎದ್ದಿತು. ಮುಂದೆ ಭೂಕಂಪವಾದಾಗ ಮೇಲಿನ ಚರ್ಚು ಕುಸಿಯಿತು, ಅಡಿಯ ಗೋಡೆ ನಿಂತಿತು. ಇದನ್ನು ಹೇಳುವಾಗ ಅವರ ಮುಖದಲ್ಲಿದ್ದದ್ದು ಹೆಮ್ಮೆಯೋ ನಾಚಿಕೆಯೋ... ನನಗೆ ತಿಳಿಯಲಿಲ್ಲ.

"ಅವ್ರೂ ಒಳಗಿದ್ದ ಹೆಂಗಸ್ರು, ನಾವೂ ಒಳಗಿದ್ದ ಹೆಂಗಸ್ರು," ಎಂದು ನಕ್ಕಿದ್ದರು. "ಅವ್ರು ನೇಯೋರು, ನಾವು ಹೊಲಿಯೋರು. ಯಜಮಾನ್ರು ಮಾತ್ರ ಬೇರೆ."

ಆದರೆ ಅವರು ಬರೆದದ್ದು ಇದಕ್ಕಲ್ಲ. ಒಂದು ಹುಡುಗಿಗಾಗಿ. ಬೆಟ್ಟದ ಮೇಲಿನ ಹಳ್ಳಿಯಿಂದ ಹೊಲಿಗೆಗೆ ಬರುತ್ತಿದ್ದವಳು. ದಿನಾ ಪಾಠಕ್ಕೆ ಮೊದಲು ಆ ಕಪ್ಪು ಗೋಡೆಯ ಬುಡದಲ್ಲಿ ನಾಲ್ಕು ಮೆಕ್ಕೆಜೋಳದ ಕಾಳು ಇಡುತ್ತಿದ್ದಳು. ಸಿಸ್ಟರ್ ದಿನಾ ಗುಡಿಸುತ್ತಿದ್ದರು. ಒಂದು ದಿನ ಅವಳ ಕೈಗೆ ಮರದ ಸ್ಕೇಲಿನಿಂದ ಹೊಡೆದರು. ಇದು ನಮ್ಮ ಅಜ್ಜಿಯರ ಮನೆ, ನೀವು ಆಮೇಲೆ ಬಂದವರು ಎಂದಳಂತೆ ಹುಡುಗಿ. ಮಾರನೆಯ ದಿನದಿಂದ ಬರಲಿಲ್ಲ.

"ನಮ್ಮ ರಿಜಿಸ್ಟರಲ್ಲಿ ಅವಳು ಮರಿಯಾ," ಎಂದಿದ್ದರು. "ಅದು ನಾವಿಟ್ಟ ಹೆಸರು. ಮನೇಲಿ ಕರೀತಿದ್ದದ್ದು ಬೇರೆ. ಅದನ್ನ ಇದ್ರಲ್ಲಿ ಬರ್ದಿದೀನಿ ನೋಡು. ಬೇರೇನಾದ್ರೂ ಹೊಡ್ದ್ಹಾಕು, ಅದೊಂದು ಬಿಡಬೇಡ. ಅಚ್ಚಾಗ್ಲಿ. ಎಲ್ಲೂ ಇಲ್ಲ ಅದು."

ಸಂಚಿಕೆ ಅಚ್ಚಾಯಿತು. ಅದರಲ್ಲಿ ಆ ಹುಡುಗಿ ಇರಲಿಲ್ಲ.

ಕಾನ್ವೆಂಟಿನ ಮದರ್ ತೆಗೆಸಿದರು ಎಂದು ನಾನು ಎಲ್ಲರಿಗೂ ಹೇಳುತ್ತಾ ಬಂದೆ. ಹೇಳಿ ಹೇಳಿ, ಮದರ್ ಕನ್ನಡಕ ತೆಗೆದು "ಇದು ಬೇಡ" ಎಂದದ್ದೂ ಕಣ್ಣಿಗೆ ಕಟ್ಟಿತ್ತು. ಈಗ ಈ ಕಾಗದ ನೋಡಿದರೆ ಗೀಟು ನನ್ನದು, ಅಂಚಿನಲ್ಲಿರುವ ಅಕ್ಷರವೂ ನನ್ನದೇ: "ಓದಿನ ಓಟಕ್ಕೆ ಅಡ್ಡಿ". ಮದರ್ ನನ್ನ ಅಂಗಡಿಗೆ ಬಂದದ್ದಾದರೂ ಉಂಟೇ? ಬಂದ ಹಾಗಿಲ್ಲ. ಯಾರೂ ಬೇಡ ಅನ್ನಲಿಲ್ಲ. ಎರಡು ಪುಟಕ್ಕೆ ಅಂದವಾಗಿ ಕೂರಲೆಂದು ನಾನೇ ಹೊಡೆದುಹಾಕಿದೆ.

ಹಾಗಾದರೆ ಸಿಸ್ಟರ್ ಈ ಕಲ್ಲು ಕತ್ತರಿಸಿದ್ದು ಮೊದಲ ದಿನವಲ್ಲ. ಕೊನೆಯ ದಿನ. ಪ್ರೂಫ್ ನೋಡಲು ಬಂದ ದಿನ. ಓದಿದರು, ಪುಟ ತಿರುಗಿಸಿದರು, ಮತ್ತೆ ಓದಿದರು.

"ನುಣ್ಣಗಾಗಿದೆ," ಎಂದರು. "ಗಾರೆ ಕೆಲ್ಸ ಎಲ್ಲಿ ಕಲ್ತೆ?"

ಹೊಗಳಿಕೆ ಎಂದುಕೊಂಡು ನಕ್ಕೆ. ಅವರೂ ನಕ್ಕರೇ? ಗೊತ್ತಿಲ್ಲ. ಕತ್ತರಿ ಕೇಳಿದರು. ನಾನು ಗೀಟು ಹಾಕಿದ್ದ ಹಾಳೆಯನ್ನೇ ತೆಗೆದುಕೊಂಡು, ಪೆನ್ಸಿಲ್ ಗುರುತೂ ಇಲ್ಲದೆ, ಒಂದೊಂದೇ ಮೂಲೆ ತಿರುಗಿಸುತ್ತಾ ಕತ್ತರಿಸಿ ನನ್ನ ಕೀಬೋರ್ಡಿನ ಮೇಲಿಟ್ಟರು. "ಕಲ್ಲು ಕಲ್ಲು ಅಂತ ಕೇಳ್ತಿದ್ದೆಯಲ್ಲಪ್ಪ, ಇಟ್ಕೊ." ಚೂರುಗಳನ್ನು ಅಂಗೈಯಲ್ಲಿ ಗುಡಿಸಿ ಕಸದ ಬುಟ್ಟಿಗೆ ಹಾಕಿದರು. ನೋಟ್‌ಬುಕ್ ಚೀಲಕ್ಕೆ ಹಾಕಿಕೊಂಡು ಹೋದರು. ಒಂದೆರಡು ವರ್ಷದಲ್ಲಿ ತೀರಿಕೊಂಡರೆಂದು ಕೇಳಿದೆ. ಹೋಗಲಿಲ್ಲ.

ಮೊನ್ನೆ ವಿಜಯನಗರದಲ್ಲಿ ಮೆಟ್ರೊ ಹತ್ತಿ ಕೆಂಗೇರಿಗೆ ಹೋದೆ. ಕಾನ್ವೆಂಟಿನಲ್ಲಿ ಚಿಕ್ಕ ವಯಸ್ಸಿನ ಸಿಸ್ಟರ್ ಒಬ್ಬರು ಮಾತಾಡಿಸಿದರು. "ಅವ್ರದ್ದು ಒಂದೇ ಟ್ರಂಕು ಸಾರ್. ಬಟ್ಟೆ ಹಂಚಿದ್ರಂತೆ. ನೋಟ್‌ಬುಕ್ಕಾ? ಯಾರಿಗೂ ಗೊತ್ತಿರಲ್ಲ." ನಂತರ ಗಾಜಿನ ಬೀರುವಿನಿಂದ ಸಂಚಿಕೆ ತೆಗೆದುಕೊಟ್ಟರು. "ಇದ್ರಲ್ಲಿ ಅವ್ರು ಎಷ್ಟು ಚೆನ್ನಾಗಿ ಬರ್ದಿದ್ದಾರೆ ನೋಡಿ."

ನೋಡಿದೆ. "ಅಲ್ಲಿನ ಜನರು ಸರಳ ಸ್ವಭಾವದವರು, ಮಕ್ಕಳು ಬಹು ಶ್ರದ್ಧೆಯಿಂದ ಹೊಲಿಗೆ ಕಲಿಯುತ್ತಿದ್ದರು." ಕೆಳಗೆ ಸಿಸ್ಟರ್ ಹೆಸರು. ವಾಕ್ಯ ನನ್ನದು.

ಅವರ ಮೂಲ ಟೈಪು ನನ್ನ ಬಳಿಯೂ ಇಲ್ಲ. ತಿದ್ದಿದ್ದನ್ನು ಅದೇ ಫೈಲಿನ ಮೇಲೆ ಸೇವ್ ಮಾಡಿದ್ದೆ. ಕಾಗದದ ಮೇಲೆ ಗೀಟಿನಡಿ ಉಳಿದಿರುವುದು "ಜೋಳದ ಕಾಳು", "ಸ್ಕೇಲಿನಿಂದ", ಇನ್ನೊಂದು ಕಡೆ "ಅಜ್ಜಿಯ". ಮಿಕ್ಕದ್ದು ಮೂಲೆಗಳ ಆಚೆ, ಬುಟ್ಟಿಯಲ್ಲಿ ಹೋಯಿತು. ಆ ಹೆಸರನ್ನು ನಾನು ಒಮ್ಮೆ ನನ್ನ ಬೆರಳಿನಿಂದ ಟೈಪ್ ಮಾಡಿದ್ದೇನೆ. ಮೂರು ಅಕ್ಷರವಿತ್ತೋ, ನಾಲ್ಕೋ... ಮರಿಯಾ ಎಂಬುದು ಮಾತ್ರ ಚೆನ್ನಾಗಿ ನೆನಪಿದೆ. ಇನ್ನೊಂದು ನನಗೆ ಗೊತ್ತಿಲ್ಲ.