ನಡುಗಡ್ಡೆಯ ಸೀತನಿ

ಜುಗೂಳದ ಹತ್ತಿರ, ಕೃಷ್ಣೆಯ ನಡುವಿನ ಗಡ್ಡೆಯಲ್ಲಿ ನಮ್ಮ ಹೊಲ, ಹೊಲದಲ್ಲೇ ಮನೆ. ಎಂಬತ್ತರ ದಶಕದಲ್ಲಿ ನಾನು ಸೊಸೆಯಾಗಿ ಬರುವಷ್ಟರಲ್ಲಿ ಅಲ್ಲಿಗೆ ಜನ ಬರುವ ರೂಢಿ ಬಿದ್ದುಬಿಟ್ಟಿತ್ತು. ಮೊದಲು ನಿಪ್ಪಾಣಿಯ ತಂಬಾಕು ವ್ಯಾಪಾರಿಯೊಬ್ಬರು ಮನೆಮಂದಿಯನ್ನು ಕರೆತಂದರಂತೆ. ಆಮೇಲೆ ಅವರ ಬೀಗರು, ಬೀಗರ ನೆರೆಯವರು. ಚಳಿಗಾಲದಲ್ಲಿ ಎಳೆ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ತಿಕ್ಕಿ, ಬಿಸಿಬಿಸಿ ಸೀತನಿ ತಿನ್ನಲು ದೋಣಿ ತುಂಬ ಬರುತ್ತಿದ್ದರು. ಅವರ ಹಾಡು ಅವರಿಗೆ, ಮುಸುರೆ ನನಗೆ.

ಬಂದವರಿಗೆ ಬೆಲ್ಲ-ನೀರು ಕೊಡುವುದು ನನ್ನ ಕೆಲಸ. ಹೊರಟ ಹೆಂಗಸರಿಗೆ ಕುಂಕುಮ ಹಚ್ಚುವುದು ಅತ್ತೆಯದು. ಆ ಬಟ್ಟಲನ್ನು ನನಗೆ ಮುಟ್ಟಗೊಡುತ್ತಿರಲಿಲ್ಲ.

ಒಂದು ಮುಂಜಾನೆ ನನ್ನ ಗಂಡ ಮಂದಿಯನ್ನು ಕರೆತರಲು ದೋಣಿ ತೆಗೆದುಕೊಂಡು ಹೋದ. ವಾರದಿಂದ ಕೆಮ್ಮುತ್ತಿದ್ದ ಮಾವ ಚಹಾ ಕುಡಿದು ಮಲಗಿದವರು ಮತ್ತೆ ಏಳಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಕೈ ಅಡ್ಡ ಹಿಡಿದರು.

"ಹೆಣ ಇದ್ದ ಮನ್ಯಾಗ ಯಾರೂ ತುತ್ತು ಎತ್ತಂಗಿಲ್ಲ. ಅಷ್ಟು ದೂರದಿಂದ ಬಂದವ್ರು ಉಪವಾಸ ಹೋಗಬಾರ್ದು. ಉಂಡು ಹೋಗ್ಲಿ. ಮಗಗೂ ಹೇಳಬ್ಯಾಡ."

ಮಾವ ಮಲಗಿದ್ದ ಕೋಣೆಯ ಬಾಗಿಲು ಮುಂದೆ ಎಳೆದರು. ನಾನು ಶೇಂಗಾ ಚಟ್ನಿ ಕುಟ್ಟಿದೆ. ಅಳು ಬರಲಿಲ್ಲ. ಕೈ ತಾನೇ ಕುಟ್ಟುತ್ತಿತ್ತು.

"ಕಾಕಾ ಎಲ್ಲದಾರ್ರಿ ಕಾಕೂ?" ವ್ಯಾಪಾರಿಯ ಹೆಂಡತಿ ಕೇಳಿದರು.

"ಜ್ವರ ಬಂದಾವ್ರಿ, ಮಲಗ್ಯಾರ. ನೀವು ತಿನ್ರಿ."

ನನ್ನ ಗಂಡನೂ ನಂಬಿದ. ಮಧ್ಯಾಹ್ನದವರೆಗೆ ತೆನೆ ಸುಡುತ್ತ, ಎಲ್ಲರನ್ನೂ ನಗಿಸುತ್ತ ಕೂತ. ಅವನ ನಗು ಕೇಳಿದಾಗಲೆಲ್ಲ ನನಗೆ ಅತ್ತೆಯ ಮೇಲೆ ಸಿಟ್ಟು ಬರುತ್ತಿತ್ತು.

ಹೊರಡುವ ಹೊತ್ತಾಯಿತು. ಅತ್ತೆ ಒಳಗಿಂದ ಬಟ್ಟಲು ತಂದರು; ಹೆಂಗಸರ ಕಡೆ ಹೋಗಲಿಲ್ಲ, ನನ್ನ ಕೈಗೆ ಇಟ್ಟರು. "ನೀನ ಹಚ್ಚವ್ವಾ."

ಹುಟ್ಟು ಹಿಡಿದು ನಿಂತಿದ್ದ ನನ್ನ ಗಂಡ ಬಟ್ಟಲನ್ನು ನೋಡಿದ, ತಾಯಿಯನ್ನು ನೋಡಿದ, ಮುಂದೆ ಎಳೆದ ಬಾಗಿಲನ್ನು ನೋಡಿದ. ಮಂದಿಯನ್ನು ದೋಣಿ ಹತ್ತಿಸಿಕೊಂಡು ಆಚೆ ದಡದವರೆಗೆ ಹುಟ್ಟು ಹಾಕಿದ. ಅವರು ಹಾಡುತ್ತಲೇ ಇದ್ದರು. ದೋಣಿ ದಡ ಮುಟ್ಟಿದ ಮೇಲೆ ಅತ್ತೆ ನೆಲಕ್ಕೆ ಕುಸಿದು ಬಾಯಿ ಬಡಿದುಕೊಂಡರು. ನಾನು ಬಟ್ಟಲು ಹಿಡಿದು ನಿಂತೇ ಇದ್ದೆ.

ಮರುವರ್ಷ ವ್ಯಾಪಾರಿಯ ಹೆಂಡತಿ ಮತ್ತೆ ಬಂದರು, ಮಾವನಿಗೆಂದು ಉಣ್ಣೆಯ ಟೊಪ್ಪಿಗೆ ಹೆಣೆದು ತಂದಿದ್ದರು. ಅತ್ತೆಯ ಬರಿ ಹಣೆ ನೋಡಿ ಗಾಬರಿಯಾದರು.

"ಯಾವಾಗ್ರಿ ಕಾಕೂ?"

ಅತ್ತೆ ಟೊಪ್ಪಿಗೆ ಇಸಿದುಕೊಂಡು ಮಡಚಿದರು.

"ನೀವು ಹ್ವಾದ ಮ್ಯಾಲ್ರಿ," ಅಂದರು. "ಕುಂಡರ್ರಿ, ಸೀತನಿ ಆರತಾವ."